ಹೊಸ್ತಿಲ ಮೇಲೆ ನಿಂತು ಕೈಕುಲುಕಬೇಡಿ: ರಷ್ಯಾದ ದಿನಬಳಕೆ ಕುರಿತು ಓದುಗರ ಪ್ರಶ್ನೆಗಳು

ರಷ್ಯಾದ ರಾಜಕೀಯ ಕುರಿತ ಪತ್ರಗಳನ್ನು ಈ ಸಲ ಪಕ್ಕಕ್ಕಿಟ್ಟಿದ್ದೇವೆ. ಹೆಸರು, ವ್ಯಾಕರಣ, ಊಟ, ರೈಲು, ಬಚ್ಚಲು, ಚಳಿ ಇವುಗಳ ಬಗ್ಗೆ ಬಂದವಕ್ಕೆ ಮಾತ್ರ ಇಲ್ಲಿ ಉತ್ತರ.

ಪ್ರಶ್ನೆ: ರಷ್ಯನ್ ಕಾದಂಬರಿಗಳ ಕನ್ನಡ ಅನುವಾದ ಓದುವಾಗ ಒಬ್ಬನಿಗೇ ನಾಲ್ಕೈದು ಹೆಸರು. ಮೂವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಯಾರು ಯಾರೆಂದು ತಲೆಕೆಡುತ್ತದೆ. ಇದಕ್ಕೊಂದು ಸೂತ್ರ ಇಲ್ಲವೇ?

ಇದೆ. ಅಲ್ಲಿ ಪೂರ್ಣ ಹೆಸರಿಗೆ ಮೂರು ಭಾಗ: ಸ್ವಂತ ಹೆಸರು, ಅಪ್ಪನ ಹೆಸರಿನಿಂದ ಕಟ್ಟಿದ 'ಓಚೆಸ್ತ್ವೊ', ಮನೆತನದ ಹೆಸರು. ಅಪ್ಪ ಇವಾನ್ ಆದರೆ ಮಗ ಇವಾನೊವಿಚ್, ಮಗಳು ಇವಾನೊವ್ನಾ. ಅಪ್ಪ ಸೆರ್ಗೇಯ್ ಆದರೆ ಸೆರ್ಗೇಯೆವಿಚ್, ಸೆರ್ಗೇಯೆವ್ನಾ. ಅಪ್ಪನ ಹೆಸರು 'ಆ'ಕಾರದಲ್ಲಿ ಮುಗಿದರೆ ರೂಪ ಸ್ವಲ್ಪ ಬೇರೆ: ಇಲ್ಯಾನ ಮಗ ಇಲ್ಯೀಚ್, ನಿಕೀತಾನ ಮಗ ನಿಕೀತಿಚ್. ಮನೆತನದ ಹೆಸರಿಗೂ ಲಿಂಗವಿದೆ. ಗಂಡ ಇವಾನೊವ್, ಹೆಂಡತಿ ಇವಾನೊವಾ. ಅಣ್ಣ 'ಸ್ಕಿ' ಆದರೆ ತಂಗಿ 'ಸ್ಕಾಯಾ'. ಉಕ್ರೇನ್ ಮೂಲದ 'ಎಂಕೊ'ದಂಥ ಹೆಸರುಗಳು ಇಬ್ಬರಿಗೂ ಒಂದೇ.

ಗೊಂದಲವಾಗುವುದು ಕರೆಯುವ ರೀತಿಯಲ್ಲಿ. ಯಾರು ಯಾರನ್ನು ಹೇಗೆ ಕರೆದರು ಎಂಬುದರಲ್ಲೇ ಅವರ ಸಂಬಂಧ ಹೇಳಿ ಮುಗಿದಿರುತ್ತದೆ, ಲೇಖಕ ಬೇರೆ ವಿವರಿಸುವುದಿಲ್ಲ. ಸ್ವಂತ ಹೆಸರು ಮತ್ತು ಅಪ್ಪನ ಹೆಸರು ಜೋಡಿಸಿ 'ಮರೀಯಾ ಇವಾನೊವ್ನಾ' ಎಂದರೆ ನಮ್ಮ 'ಅವರೇ' ಎಂಬ ಗೌರವ. ಮೇಷ್ಟ್ರು, ವೈದ್ಯರು, ಮೇಲಧಿಕಾರಿ, ಸ್ನೇಹಿತನ ಅತ್ತೆ, ಎಲ್ಲರಿಗೂ ಇದೇ. ಬರೀ ಮನೆತನದ ಹೆಸರು ಕೂಗಿದರೆ ಅದು ಶಾಲೆಯ ಹಾಜರಿ, ಸೈನ್ಯ ಅಥವಾ ಸಿಟ್ಟು. ಬರೀ 'ಪೆತ್ರೋವಿಚ್' ಎಂದರೆ ಕಾರ್ಖಾನೆಯ ಹಳೆಯ ಕೈ, ಎಲ್ಲರಿಗೂ ಬೇಕಾದ ಮುದುಕ. ಇನ್ನು ಮನೆಯ ಹೆಸರುಗಳು: ಮರೀಯಾ ಮಾಷಾ ಆಗುತ್ತಾಳೆ, ಅಮ್ಮನ ಬಾಯಲ್ಲಿ ಮಾಶೆಂಕಾ, ಜಗಳದಲ್ಲಿ ಮಾಷ್ಕಾ. ನಮ್ಮ ವೆಂಕಟೇಶ ವೆಂಕಿಯಾಗಿ, ಬೈಯುವಾಗ ವೆಂಕನಾಗುವಂತೆಯೇ. ಕೆಲವು ಜೋಡಿಗಳನ್ನು ಬಾಯಿಪಾಠ ಮಾಡಿಕೊಳ್ಳದೆ ವಿಧಿಯಿಲ್ಲ: ಅಲೆಕ್ಸಾಂದ್ರ್ ಸಾಶಾ ಅಥವಾ ಶೂರಾ, ದ್ಮಿತ್ರಿ ದೀಮಾ ಅಥವಾ ಮೀತ್ಯಾ, ವ್ಲದೀಮಿರ್ ವೊಲೋದ್ಯಾ ಅಥವಾ ವೋವಾ, ಮಿಖಾಯಿಲ್ ಮೀಶಾ, ಯೆಕತೆರೀನಾ ಕಾತ್ಯಾ. ಸಾಶಾ ಗಂಡೂ ಹೌದು, ಹೆಣ್ಣೂ ಹೌದು (ಹೆಣ್ಣಿನ ಪೂರ್ಣ ಹೆಸರು ಅಲೆಕ್ಸಾಂದ್ರಾ). ಪುಸ್ತಕ ಶುರುಮಾಡುವಾಗ ಹಿಂಬದಿಯ ಖಾಲಿ ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದು ಸಾಲು ಮೀಸಲಿಟ್ಟು, ಸಿಕ್ಕ ರೂಪಗಳನ್ನೆಲ್ಲ ಅದರ ಮುಂದೆ ಬರೆಯುತ್ತ ಹೋಗಿ. ಐವತ್ತನೇ ಪುಟದ ಹೊತ್ತಿಗೆ ಆ ಹಾಳೆ ಬೇಕಾಗುವುದಿಲ್ಲ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷೇ ಕಷ್ಟ. ರಷ್ಯನ್ ಕಲಿಯಲು ಸಾಧ್ಯವೇ?

ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನಿಮಗೆ ಕೆಲವು ಬಾಗಿಲುಗಳು ಸಲೀಸಾಗಿ ತೆರೆಯುತ್ತವೆ. ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ, ನಾಮಪದದ ಬಾಲ ಬದಲಾಗುತ್ತದೆ. 'ಮನೆಗೆ, ಮನೆಯಿಂದ, ಮನೆಯಲ್ಲಿ' ಎಂದು ಪ್ರತ್ಯಯ ಹಚ್ಚಿಯೇ ಬೆಳೆದವರಿಗೆ ಇದರ ತರ್ಕ ಹೊಸದಲ್ಲ. 'ಅವನು ಡಾಕ್ಟರ್' ಎನ್ನಲು ಕನ್ನಡಕ್ಕೆ ಕ್ರಿಯಾಪದ ಬೇಡ, ರಷ್ಯನ್ನಿಗೂ ಬೇಡ: 'ಓನ್ ವ್ರಾಚ್'. 'ನನಗೆ ಚಳಿ' ಎಂಬುದು ಅಲ್ಲಿಯೂ ಚತುರ್ಥಿಯೇ: 'ಮ್ನ್ಯೇ ಹೋಲದ್ನ'. 'ನನಗೆ ಇಪ್ಪತ್ತು ವರ್ಷ' ಕೂಡ ಹಾಗೆಯೇ. 'ನನ್ನ ಹತ್ತಿರ ಪುಸ್ತಕ ಇದೆ' ಎಂಬಂತೆಯೇ 'ಉ ಮಿನ್ಯಾ ಯೆಸ್ತ್ ಕ್ನೀಗಾ'. ನೀನು, ನೀವು ಎಂಬ ಭೇದವೂ ಇದೆ: 'ತ್ಯಿ' ಮತ್ತು 'ವ್ಯಿ'. ಹೊಸಬರೊಂದಿಗೆ ವ್ಯಿ ಎಂದೇ ಶುರುಮಾಡಿ. ತ್ಯಿಗೆ ಇಳಿಯೋಣ ಎಂಬ ಮಾತು ದೊಡ್ಡವರಿಂದ ಬರಲಿ.

ಕಾಲು ಜಾರುವ ಜಾಗಗಳೂ ಇವೆ. ಲಿಪಿಯಲ್ಲಿ 33 ಅಕ್ಷರ. ಇಂಗ್ಲಿಷಿನ ವೇಷ ಹಾಕಿಕೊಂಡವೇ ಮೋಸಮಾಡುವುದು: 'ಪಿ'ಯಂತೆ ಕಾಣುವುದು 'ರ್', 'ಎಚ್'ನಂತಿರುವುದು 'ನ್', 'ಸಿ' ಎಂದರೆ 'ಸ್', 'ಬಿ' ಎಂದರೆ 'ವ್', 'ವೈ'ಯಂತಿರುವುದು 'ಉ'. ಹೋಟೆಲಿನ ಬೋರ್ಡನ್ನು 'ಪೆಕ್ಟೊಪಾ' ಎಂದು ಓದಿಕೊಂಡು ಮುಂದೆ ಹೋದವರು ಬಹಳ, ಅದು 'ರೆಸ್ತರಾನ್'. ಒತ್ತು ಬೀಳದ 'ಒ' ಕಾರವನ್ನು 'ಅ' ಎಂದೇ ಉಚ್ಚರಿಸಬೇಕು: ಬರೆಯುವುದು ಮೊಲೊಕೊ (ಹಾಲು), ಹೇಳುವುದು ಮಲಕೋ. ಒತ್ತು ತಪ್ಪಿದರೆ ಅರ್ಥವೇ ತಪ್ಪಬಹುದು: 'ಝಮೋಕ್' ಬೀಗ, 'ಝಾಮಕ್' ಕೋಟೆಯಂಥ ಅರಮನೆ.

'ಹೋಗು' ಎಂಬುದಕ್ಕೆ ನಡೆದು ಹೋಗುವುದಕ್ಕೊಂದು ಕ್ರಿಯಾಪದ, ವಾಹನದಲ್ಲಿ ಹೋಗುವುದಕ್ಕೆ ಇನ್ನೊಂದು. ಮೊದಲನೆಯದನ್ನು ಬಳಸಿ ದೇಶದ ಪೂರ್ವ ತುದಿಯ ವ್ಲದಿವಸ್ತೋಕ್‌ಗೆ ಹೋಗುತ್ತೇನೆಂದರೆ ಕಾಲ್ನಡಿಗೆಯಲ್ಲಿ ಹೊರಟಿದ್ದೀರಿ ಎಂದಾಗುತ್ತದೆ. ಎಣಿಕೆ ಇನ್ನೂ ತರಲೆ: ಒಂದು 'ರೂಬ್ಲ್', ಎರಡರಿಂದ ನಾಲ್ಕರವರೆಗೆ 'ರುಬ್ಲ್ಯಾ', ಐದರಿಂದ ಇಪ್ಪತ್ತರವರೆಗೆ 'ರುಬ್ಲೇಯ್'. ಬಹುತೇಕ ಕ್ರಿಯಾಪದಗಳಿಗೆ ಜೋಡಿ ಇರುತ್ತದೆ. 'ಚಿತಾಲ್' ಎಂದರೆ ಓದುತ್ತಿದ್ದೆ, 'ಪ್ರಚಿತಾಲ್' ಎಂದರೆ ಓದಿಬಿಟ್ಟೆ. ಈ 'ಬಿಡು' ನಮ್ಮಲ್ಲಿ ಮಾಡುವ ಕೆಲಸವನ್ನು ನೆನೆದುಕೊಂಡರೆ ಅರ್ಧ ಪಾಠ ಅಲ್ಲಿಗೇ ಮುಗಿಯಿತು. ಹೇಳುವವಳು ಹೆಣ್ಣಾದರೆ 'ಚಿತಾಲಾ'. 'ನಾನು ಓದಿದೆ' ಎಂಬುದರಲ್ಲಿ ಕನ್ನಡ ಕೇಳದ ಲಿಂಗವನ್ನು ರಷ್ಯನ್ ಕೇಳುತ್ತದೆ.

ಪ್ರಶ್ನೆ: ಮಗಳು ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟಿದ್ದಾಳೆ. ಚಳಿಯದ್ದೇ ಭಯ. ಇಲ್ಲಿಂದಲೇ ದಪ್ಪ ಕೋಟು, ರಗ್ಗು ಕೊಡಿಸಿ ಕಳಿಸಲೇ?

ರಗ್ಗು ಬೇಡ, ಕೋಟೂ ಇಲ್ಲಿಂದ ಬೇಡ. ಮೈಗಂಟುವ ಥರ್ಮಲ್ ಒಳಉಡುಪು ಎರಡು ಜೊತೆ, ಒಂದು ಉಣ್ಣೆ ಸ್ವೆಟರ್, ಉಣ್ಣೆ ಕಾಲುಚೀಲ ಕೊಟ್ಟು ಕಳಿಸಿ. ಪುಕ್ಕ ತುಂಬಿದ ಜಾಕೆಟ್ಟು ('ಪುಹವೀಕ್') ಮತ್ತು ಬೂಟನ್ನು ಅಲ್ಲೇ ಕೊಳ್ಳಲಿ, ಆ ಊರಿನ ಚಳಿಗೆ ತಕ್ಕದ್ದು ಆ ಊರಿನ ಅಂಗಡಿಯಲ್ಲೇ ಇರುತ್ತದೆ. ಬೂಟು ಒಂದು ಸೈಜು ದೊಡ್ಡದಿರಬೇಕು. ಬಿಗಿಯಾದ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಅಡಿ ದಪ್ಪ ರಬ್ಬರಿನದು, ಆಳವಾದ ಗೀರು ಇರುವಂಥದು. ಮೈಗೆ ಹತ್ತಿಬಟ್ಟೆ ಬೇಡ. ಬೆವರು ಹೀರಿ ಒದ್ದೆಯಾಗಿ ಉಳಿಯುತ್ತದೆ.

ಒಳಗಿನ ಕಥೆ ಬೇರೆಯೇ. ನಗರದ ಕಟ್ಟಡಗಳಿಗೆ ಊರಿನ ಶಾಖಕೇಂದ್ರದಿಂದ ಬಿಸಿನೀರು ಕೊಳವೆಯಲ್ಲಿ ಬರುತ್ತದೆ, ಕಿಟಕಿಯ ಕೆಳಗಿನ ರೇಡಿಯೇಟರು ('ಬತರೇಯಾ') ಹಗಲೂ ರಾತ್ರಿ ಕಾಯುತ್ತಿರುತ್ತದೆ. ಹೊರಗೆ ಮೈನಸ್ 25 ಇದ್ದರೂ ಕೋಣೆಯಲ್ಲಿ ತೆಳು ಅಂಗಿ ಸಾಕು. ಅದನ್ನು ಕಡಿಮೆ ಮಾಡುವ ತಿರುಗಣೆ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಇಲ್ಲ; ಕಿಟಕಿಯ ಮೇಲಿನ ಪುಟ್ಟ ಕದ 'ಫೋರ್ತಚ್ಕಾ' ತೆರೆಯುವುದೊಂದೇ ದಾರಿ. ಗಾಳಿ ಒಣಗಿ ತುಟಿ ಬಿರಿಯುತ್ತದೆ, ಮೂಗಿನಿಂದ ರಕ್ತ ಬರುವುದೂ ಉಂಟು. ಒದ್ದೆ ಟವೆಲ್ಲು ರೇಡಿಯೇಟರಿನ ಮೇಲೆ ಹಾಕಿಡಲಿ.

ಹೊಸಬರು ಕಾಯಿಲೆ ಬೀಳುವುದು ಹೆಚ್ಚಾಗಿ ಜನವರಿಯಲ್ಲಲ್ಲ, ಸೆಪ್ಟೆಂಬರ್ ಕೊನೆಯಲ್ಲಿ. ದಿನದ ಸರಾಸರಿ ಉಷ್ಣಾಂಶ ಸತತ ಐದು ದಿನ 8 ಡಿಗ್ರಿಗಿಂತ ಕೆಳಗಿದ್ದ ಮೇಲೆಯೇ ಶಾಖ ಬಿಡುವುದು ನಿಯಮ. ಅದಕ್ಕೆ ಮುಂಚಿನ ಒಂದೆರಡು ವಾರ ಹೊರಗಿಗಿಂತ ಕೋಣೆಯೇ ಥಂಡಿ. ನಿಮ್ಮ ಸ್ವೆಟರ್ ಉಪಯೋಗಕ್ಕೆ ಬರುವುದು ಆಗ.

ಕೋಟಿನ ಕತ್ತಿನ ಒಳಭಾಗದಲ್ಲಿ ನೇತುಹಾಕುವ ಕುಣಿಕೆ ಗಟ್ಟಿಯಾಗಿದೆಯೇ ನೋಡಿಕೊಳ್ಳಲಿ. ಕಾಲೇಜು, ಗ್ರಂಥಾಲಯ, ಆಸ್ಪತ್ರೆ, ನಾಟಕಶಾಲೆ ಎಲ್ಲೆಡೆ ಕೋಟನ್ನು 'ಗರ್ದೆರೋಬ್' ಎಂಬ ಕಟ್ಟೆಯಲ್ಲಿ ಕೊಟ್ಟು ನಂಬರ್ ಬಿಲ್ಲೆ ಪಡೆಯಬೇಕು. ಕುಣಿಕೆ ಹರಿದಿದ್ದರೆ ಅಲ್ಲಿನ ಅಜ್ಜಿಯ ಬೈಗುಳ ಖಾಯಂ. ಬಿಲ್ಲೆ ಕಳೆದರೆ ದಂಡ. ಬಸ್‌ಸ್ಟಾಪಿನಲ್ಲಿ ಅಪರಿಚಿತರು ಕೆನ್ನೆ ತೋರಿಸಿ ಏನೋ ಹೇಳಿದರೆ ಕೋಪಿಸಿಕೊಳ್ಳದಿರಲಿ: ಕೆನ್ನೆಯ ಮೇಲೆ ಬಿಳಿ ಮಚ್ಚೆ ಎದ್ದಿದೆ, ಚರ್ಮ ಹೆಪ್ಪುಗಟ್ಟುತ್ತಿದೆ ಎಂದರ್ಥ. ಕೂಡಲೇ ಒಳಗೆ ಹೋಗಿ ಬೆಚ್ಚನೆಯ ಅಂಗೈ ಒತ್ತಿ ಹಿಡಿಯಬೇಕು. ಹಿಮ ಹಾಕಿ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ. ಮಾರ್ಚಿನಲ್ಲಿ ಗೋಡೆಯ ಪಕ್ಕ ನಡೆಯಬಾರದು, ಸೂರಿನಿಂದ ಹಿಮದ ಈಟಿಗಳು ಕಳಚಿ ಬೀಳುವ ಕಾಲ ಅದು.

ಎರಡು ಕಾಗದದ ಮಾತು. ಊರು ತಲುಪಿದ ಮೇಲೆ ವಿಳಾಸದ ನೋಂದಣಿಗೆ ಸಾಮಾನ್ಯ ಗಡುವು 7 ಕೆಲಸದ ದಿನ. ಮಾಡಿಸುವುದು ಹಾಸ್ಟೆಲ್ಲೇ ಆದರೂ ಪಾಸ್‌ಪೋರ್ಟು ಮತ್ತು ಗಡಿಯಲ್ಲಿ ಕೊಟ್ಟ ವಲಸೆ ಚೀಟಿಯನ್ನು ಅದೇ ದಿನ ಒಪ್ಪಿಸಿದರೆ ಒಳ್ಳೆಯದು. ಭಾರತದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ, ಮೊದಲ ವಾರಗಳಿಗೆ ನಗದು ಕೈಯಲ್ಲಿರಲಿ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ಅಲ್ಲಿ ಬದುಕುವುದು ಹೇಗೆ?

ಬದುಕಬಹುದು, ಕೇಳುವ ಮಾತು ಸರಿಯಿದ್ದರೆ. 'ಮಾಂಸ ತಿನ್ನುವುದಿಲ್ಲ' ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ತಟ್ಟೆಗೆ ಬರಬಹುದು, ಎಷ್ಟೋ ಜನರ ಲೆಕ್ಕದಲ್ಲಿ ಅವು ಮಾಂಸವಲ್ಲ. ಮೂರನ್ನೂ ಹೆಸರಿಸಿ: 'ಯಾ ನ್ಯೆ ಯೆಮ್ ನಿ ಮ್ಯಾಸಾ, ನಿ ಕೂರಿತ್ಸಿ, ನಿ ರೀಬಿ.' ಆಮೇಲೆ ಸೂಪಿನ ಬಗ್ಗೆ ಬೇರೆಯಾಗಿ ವಿಚಾರಿಸಿ. ತಟ್ಟೆಯಲ್ಲಿ ಬರೀ ಎಲೆಕೋಸು ಕಂಡರೂ 'ಶ್ಚಿ' ಸೂಪಿನ ನೀರು ಸಾಮಾನ್ಯವಾಗಿ ಮೂಳೆ ಬೇಯಿಸಿದ್ದು. 'ಒಲಿವ್ಯೆ' ಸಲಾಡಿನಲ್ಲಿ ಆಲೂಗಡ್ಡೆ, ಬಟಾಣಿಯ ನಡುವೆ ಸಾಸೇಜು ಕೂತಿರುತ್ತದೆ.

ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ ಕಾಲ, ಅದರಲ್ಲೂ ಈಸ್ಟರ್‌ಗೆ ಮುಂಚಿನ ಏಳು ವಾರ, ನಿಮಗೆ ಸುಗ್ಗಿ. ಹೋಟೆಲುಗಳಲ್ಲಿ 'ಪೋಸ್ತ್ನಯೆ ಮೆನ್ಯು' ಇಡುತ್ತಾರೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೂ ಕಣ್ಣಾಡಿಸಿ: ಸಿಗಡಿಯಂಥವು ಆ ಪಟ್ಟಿಯಲ್ಲಿ ನುಸುಳುತ್ತವೆ. ಉಳಿದ ದಿನಗಳಲ್ಲಿ 'ಸ್ತಲೋವಯಾ' ಎಂಬ ಕ್ಯಾಂಟೀನುಗಳು ಅನುಕೂಲ, ತಿನಿಸನ್ನು ಕಣ್ಣಾರೆ ನೋಡಿ ತೋರಿಸಬಹುದು. ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್, ಉಪ್ಪುಸೌತೆಗೆ ಎಣ್ಣೆ ಹಾಕಿ ಕಲಸಿದ 'ವಿನೆಗ್ರೆತ್', ಆಲೂಗಡ್ಡೆ ತುಂಬಿದ 'ವರೇನಿಕಿ' ಕಡುಬು ಕೇಳಿ. ಕಡುಬಿನ ಮೇಲೆ ಹುರಿದ ಹಂದಿಕೊಬ್ಬು ಉದುರಿಸಬೇಡಿ ಎನ್ನಲು ಮರೆಯಬೇಡಿ. ಮಾಸ್ಕೋದಂಥ ಊರುಗಳಲ್ಲಿ ಜಾರ್ಜಿಯನ್ ಹೋಟೆಲುಗಳಿವೆ. ಅವರ ಹುರುಳಿಕಾಯಿ ಬೀಜದ 'ಲೋಬಿಯೊ', ಚೀಸಿನ 'ಹಚಪುರಿ' ಹೊಟ್ಟೆ ತುಂಬಿಸುತ್ತವೆ.

ಕೋಣೆಯಲ್ಲಿ ಅಡುಗೆಗೆ 'ಗ್ರೆಚ್ಕಾ' (ಬಕ್‌ವೀಟ್) ಕಲಿಯುವುದು ಲಾಭ. ಅಂಗಡಿಯ ಕಂದು ಕಾಳು ಹುರಿದೇ ಬಂದಿರುತ್ತದೆ. ಒಂದು ಲೋಟ ಕಾಳು ತೊಳೆದು ಎರಡು ಲೋಟ ನೀರು, ಅರ್ಧ ಚಮಚ ಉಪ್ಪು ಹಾಕಿ ಕುದಿ ಬಂದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ. ಕೈಯಾಡಿಸಿದರೆ ಮುದ್ದೆಯಾಗುತ್ತದೆ. ಉರಿ ಆರಿಸಿ ಹತ್ತು ನಿಮಿಷ ಬಿಟ್ಟು ಬೆಣ್ಣೆ ಹಾಕಿ. ಮೊಸರನ್ನಕ್ಕೆ ಹುದುಗಿಸಿದ ಹಾಲು 'ಕೆಫೀರ್' ತಂದು ನಿರಾಶರಾಗುವವರು ಹೆಚ್ಚು, ಅದು ತೆಳು, ಹುಳಿ ಬೇರೆ. 'ಪ್ರಸ್ತಕ್ವಾಶಾ' ಕೇಳಿ, ನಮ್ಮ ಮೊಸರಿಗೆ ಅದೇ ಹತ್ತಿರ. ದುಂಡನೆಯ ಅಕ್ಕಿ ಅಂಟಿಕೊಳ್ಳುತ್ತದೆ, ಮೊಸರನ್ನಕ್ಕೆ ಅದೇ ಸರಿ. ಸಾರಿಗೆ ಉದ್ದಕಾಳಿನದು.

ಪ್ರಶ್ನೆ: ಸಮೋವಾರಿನಲ್ಲಿ ಚಹಾ ಕುದಿಸುವುದು ಹೇಗೆ?

ಸಮೋವಾರಿನಲ್ಲಿ ಚಹಾ ಕುದಿಸುವುದಿಲ್ಲ, ಅದರಲ್ಲಿ ಕಾಯುವುದು ಬರೀ ನೀರು. ನಡುವಿನ ಕೊಳವೆಯಲ್ಲಿ ಇದ್ದಿಲು ಅಥವಾ ಒಣಗಿದ ಪೈನ್ ಕಾಯಿ ಉರಿಯುತ್ತದೆ, ಸುತ್ತ ನೀರು. ಮೊದಲು ನೀರು ತುಂಬಿ ಆಮೇಲೆಯೇ ಬೆಂಕಿ. ಖಾಲಿ ಪಾತ್ರೆಗೆ ಬೆಂಕಿ ಇಟ್ಟರೆ ಬೆಸುಗೆ ಕರಗಿ ಸೋರುತ್ತದೆ. ಸಮೋವಾರಿಗೆ ಹೆಸರಾದ ಊರು ತೂಲಾ. ಈಗಿನ ಮನೆಗಳಲ್ಲಿ ಮಾತ್ರ ವಿದ್ಯುತ್ ಕೆಟಲ್ಲೇ ಹೆಚ್ಚು.

ಚಹಾ ಆಗುವುದು ಪಕ್ಕದ ಪುಟ್ಟ ಹೂಜಿಯಲ್ಲಿ. ಹೂಜಿಯನ್ನು ಕುದಿನೀರಿನಲ್ಲಿ ಗಲಬರಿಸಿ, ಅರ್ಧ ಲೀಟರಿನ ಹೂಜಿಗೆ ಐದಾರು ಚಮಚ ಎಲೆಪುಡಿ ಹಾಕಿ, ಕುದಿನೀರು ಎರೆದು ಬಟ್ಟೆ ಮುಚ್ಚಿ ಐದರಿಂದ ಏಳು ನಿಮಿಷ ಬಿಡಬೇಕು. ಈ ಗಟ್ಟಿ ಡಿಕಾಕ್ಷನ್ನೇ 'ಝವಾರ್ಕಾ'. ಕಪ್ಪಿಗೆ ಕಾಲು ಭಾಗ ಇದು, ಮುಕ್ಕಾಲು ಕುದಿನೀರು. ಎಷ್ಟು ಗಟ್ಟಿ ಬೇಕೆಂಬುದು ಕುಡಿಯುವವರ ಇಷ್ಟ. ಫಿಲ್ಟರ್ ಕಾಫಿ ಬಲ್ಲವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಝವಾರ್ಕಾವನ್ನು ಒಲೆಯ ಮೇಲಿಟ್ಟು ಕುದಿಸಿದರೆ ಕಹಿ, ರಾತ್ರಿಯಿಡೀ ಇಟ್ಟರೆ ಎಸೆಯಬೇಕು. ಹಾಲು ಅಪರೂಪ, ನಿಂಬೆಹೋಳು ಸಾಮಾನ್ಯ. ಜೊತೆಗೆ ಕೊಡುವ ಹಣ್ಣಿನ ಪಾಕ 'ವರೇನ್ಯೆ'ಯನ್ನು ಚಮಚದಲ್ಲಿ ನೆಕ್ಕುತ್ತ ಚಹಾ ಗುಟುಕರಿಸುತ್ತಾರೆ.

ಪ್ರಶ್ನೆ: ಟ್ರಾನ್ಸ್ ಸೈಬೀರಿಯನ್ ರೈಲಿನಲ್ಲಿ ಅಗ್ಗದ ಬೋಗಿ ಯಾವುದು? ಯಾವ ಬರ್ತ್ ಒಳ್ಳೆಯದು?

ಮಲಗುವ ಬೋಗಿಗಳಲ್ಲಿ ಅಗ್ಗದ್ದು 'ಪ್ಲತ್ಸ್‌ಕಾರ್ತ್', ನಮ್ಮ ಸ್ಲೀಪರ್ ಬೋಗಿಯ ಅಣ್ಣ: ಬಾಗಿಲಿಲ್ಲದ 9 ಅಂಕಣ, 54 ಬರ್ತ್. ಬೆಸ ಸಂಖ್ಯೆ ಕೆಳಗೆ, ಸಮ ಸಂಖ್ಯೆ ಮೇಲೆ. 1ರಿಂದ 36 ಒಳಗಿನವು, 37ರಿಂದ 54 ದಾರಿಪಕ್ಕದ ಸೈಡ್ ಬರ್ತ್. 33ರಿಂದ 38 ಶೌಚಾಲಯಕ್ಕೆ ತಾಗಿವೆ, ರಾತ್ರಿಯಿಡೀ ಬಾಗಿಲಿನ ಸದ್ದು. ಅವನ್ನು ಬಿಟ್ಟು ಹಿಡಿಯಿರಿ. ಎತ್ತರದವರಿಗೆ ಸೈಡ್ ಬರ್ತ್ ಸಾಲದು. ದುಡ್ಡಿದ್ದರೆ ನಾಲ್ಕು ಬರ್ತಿನ ಬಾಗಿಲಿರುವ 'ಕುಪೇ' ಇದೆ.

ಕೆಳಗಿನ ಬರ್ತ್ ಎತ್ತಿದರೆ ಕೆಳಗೆ ಪೆಟ್ಟಿಗೆಯಿದೆ, ಬೆಲೆಬಾಳುವುದನ್ನು ಅಲ್ಲಿಟ್ಟು ಮಲಗಿದರೆ ನಿಮ್ಮನ್ನು ಎಬ್ಬಿಸದೆ ಯಾರೂ ತೆಗೆಯಲಾರರು. ಹಗಲಿನಲ್ಲಿ ಮೇಲಿನವರು ಕೆಳಗೆ ಕೂತು ಉಣ್ಣುವುದು ವಾಡಿಕೆ, ಜಾಗ ಬಿಡಿ. ಪ್ರತಿ ಬೋಗಿಯಲ್ಲೂ ಕುದಿನೀರಿನ ದೊಡ್ಡ ಬಾಯ್ಲರ್ 'ತಿತಾನ್' ಇರುತ್ತದೆ, ಕಪ್ಪು, ನೂಡಲ್ಸ್, ಚಹಾಪುಡಿ ಒಯ್ದರೆ ಸಾಕು. ಬೋಗಿಯ ಉಸ್ತುವಾರಿ ಹೆಂಗಸು ('ಪ್ರವದ್ನೀತ್ಸಾ') ಗ್ಲಾಸು ಕೂರಿಸುವ, ಹಿಡಿಯಿರುವ ಲೋಹದ ಗೂಡು 'ಪದ್‌ಸ್ತಕಾನ್ನಿಕ್'ನಲ್ಲಿ ಚಹಾ ಕೊಡುತ್ತಾಳೆ. ಅದರ ತೂಕದಿಂದಲೇ ರೈಲು ಕುಲುಕಿದರೂ ಗ್ಲಾಸು ಉರುಳುವುದಿಲ್ಲ. ಹಳೆಯ ಬೋಗಿಗಳಲ್ಲಿ ನಿಲ್ದಾಣ ಬರುವ ಮುಂಚೆಯೇ ಶೌಚಾಲಯಕ್ಕೆ ಬೀಗ. ಬಾಗಿಲ ಮೇಲೆ ವೇಳಾಪಟ್ಟಿ ಅಂಟಿಸಿರುತ್ತಾರೆ, ಹತ್ತಿದ ಕೂಡಲೇ ನೋಡಿಕೊಳ್ಳಿ.

ಮಾಸ್ಕೋದಿಂದ ವ್ಲದಿವಸ್ತೋಕ್‌ಗೆ 9,288 ಕಿ.ಮೀ., ಗಡಿಯಾರ 7 ಗಂಟೆ ಮುಂದಕ್ಕೆ. ಹಿಂದೆ ಟಿಕೆಟ್ಟಿನಲ್ಲೆಲ್ಲ ಮಾಸ್ಕೋ ಸಮಯವೇ ಇರುತ್ತಿತ್ತು. 2018ರ ಆಗಸ್ಟ್‌ನಿಂದ ಆಯಾ ಊರಿನ ಸಮಯ. ಹಳೆಯ ಪ್ರವಾಸ ಪುಸ್ತಕ ನಂಬಿ ಹೊರಟರೆ ರೈಲು ತಪ್ಪುತ್ತದೆ.

ಪ್ರಶ್ನೆ: ರಷ್ಯನ್ನರ ಮನೆಗೆ ಊಟಕ್ಕೆ ಕರೆದಿದ್ದಾರೆ. ಏನು ಒಯ್ಯಬೇಕು, ಏನು ಮಾಡಬಾರದು?

ಹೂ ಒಯ್ಯುವುದಾದರೆ ಬೆಸ ಸಂಖ್ಯೆ: ಮೂರು, ಐದು, ಏಳು. ಸಮ ಸಂಖ್ಯೆಯ ಹೂ ಸಾವಿನ ಮನೆಗೆ, ಸಮಾಧಿಗೆ. ಹಳದಿ ಹೂ ಅಗಲಿಕೆ ಎಂದು ಕೆಲವರ ನಂಬಿಕೆ, ಸುಮ್ಮನೆ ಬೇರೆ ಬಣ್ಣ ಆರಿಸಿ. ಜೊತೆಗೆ ಚಹಾಕ್ಕೊಂದು ಕೇಕು ಅಥವಾ ಚಾಕೊಲೇಟ್ ಡಬ್ಬಿ. ವಿಳಾಸದಲ್ಲಿ ಮೂರನೇ ಮಹಡಿ ಎಂದಿದ್ದರೆ ನಮ್ಮ ಲೆಕ್ಕದ ಎರಡನೆಯದು. ನೆಲಮಹಡಿಯೇ ಅಲ್ಲಿ ಒಂದನೆಯದು.

ಬಾಗಿಲು ತೆರೆದಾಗ ಹೊಸ್ತಿಲ ಈಚೆಯಿಂದ ಕೈ ಚಾಚಬೇಡಿ, ಒಳಗೆ ಕಾಲಿಟ್ಟ ಮೇಲೆಯೇ ಕೈಕುಲುಕುವುದು. ಹೊಸ್ತಿಲ ಮರ್ಯಾದೆ ಬಲ್ಲ ನಮಗೆ ಇದು ಅರ್ಥವಾಗದ್ದೇನಲ್ಲ. ಚಪ್ಪಲಿ ಕಳಚಿದರೆ ಮನೆಯೊಳಗಿನ 'ತಾಪಚ್ಕಿ' ಕೊಡುತ್ತಾರೆ, ಹಾಕಿಕೊಳ್ಳಿ. ಒಳಗೆ ಶಿಳ್ಳೆ ಹಾಕಿದರೆ ದುಡ್ಡು ಹಾರಿಹೋಗುತ್ತದಂತೆ. ಖಾಲಿ ಬಾಟಲಿ ಮೇಜಿನ ಮೇಲೆ ಇರಬಾರದು, ನೆಲಕ್ಕಿಳಿಸುತ್ತಾರೆ. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆ ಹೇಳುವುದು ಅಪಶಕುನ, ತಡವಾದರೆ ತೊಂದರೆಯಿಲ್ಲ. ಮಾತಿಗೆ ಮುಂಚೆ ನಗದಿದ್ದರೆ ಸಿಡುಕಿನವರೆಂದು ತೀರ್ಮಾನಿಸಬೇಡಿ. 'ಕಾರಣವಿಲ್ಲದ ನಗು ದಡ್ಡನ ಗುರುತು' ಎಂಬ ಗಾದೆ ಅವರದು. ನಗು ಸಿಕ್ಕಿದರೆ ಅದು ನಿಮಗೆಂದೇ ಬಂದದ್ದು. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಎಲ್ಲರೂ ತೆಪ್ಪಗೆ ಕೂತುಬಿಟ್ಟರೆ ಗಾಬರಿ ಬೇಡ, ಅದು 'ದಾರಿಗೆ ಕೂರುವುದು'. ನೀವೂ ಕೂರಿ. ಟಿಕೆಟ್ಟು ಮರೆತದ್ದು ನೆನಪಾಗುವುದು ಬಹುತೇಕ ಆಗಲೇ.

ಪ್ರಶ್ನೆ: ಬೇಸಿಗೆಯಲ್ಲಿ ಬಿಸಿನೀರು ಎರಡು ವಾರ ನಿಲ್ಲಿಸುತ್ತಾರಂತೆ. ನಿಜವೇ?

ನಿಜ, 14 ದಿನದವರೆಗೆ ನಿಲ್ಲಿಸಬಹುದು. ಶಾಖಕೇಂದ್ರದ ಕೊಳವೆಗಳಿಗೆ ಹೆಚ್ಚು ಒತ್ತಡದಲ್ಲಿ ನೀರು ತುಂಬಿ ದುರ್ಬಲ ಜಾಗ ಒಡೆಯುತ್ತದೆಯೇ ನೋಡುವುದು ಇದರ ಉದ್ದೇಶ. ಜುಲೈಯಲ್ಲಿ ಒಡೆದರೆ ರಸ್ತೆ ಅಗೆದು ಸರಿಪಡಿಸಬಹುದು, ಜನವರಿಯಲ್ಲಿ ಒಡೆದರೆ ಬಡಾವಣೆಗೆ ಬಡಾವಣೆಯೇ ಹೆಪ್ಪುಗಟ್ಟುತ್ತದೆ. ದಿನಾಂಕವನ್ನು ಕಟ್ಟಡದ ಬಾಗಿಲಿಗೆ ಅಂಟಿಸುತ್ತಾರೆ. ಆ ದಿನಗಳಲ್ಲಿ ಕೆಟಲ್ಲು, ಬೋಗುಣಿ, ತಂಬಿಗೆ, ನಮಗೆ ಹೊಸದೇನಿದೆ?

ಪ್ರಶ್ನೆ: ಕ್ವಾಸ್ (ರೈ ಧಾನ್ಯದ ಬ್ರೆಡ್ಡಿನಿಂದ ಹುದುಗಿಸುವ ಪಾನೀಯ) ಮನೆಯಲ್ಲಿ ಮಾಡಲು ಅಳತೆ ಕೊಡಿ. ಎರಡು ಸಲ ಮಾಡಿದೆವು. ಒಮ್ಮೆ ಕಹಿ, ಇನ್ನೊಮ್ಮೆ ಬಾಟಲಿಯೇ ಸಿಡಿಯಿತು.

ಅರ್ಧ ಕಿಲೋ ರೈ ಬ್ರೆಡ್ಡು, 3 ಲೀಟರ್ ನೀರು, 120 ಗ್ರಾಂ ಸಕ್ಕರೆ, 3 ಗ್ರಾಂ ಒಣ ಯೀಸ್ಟ್, ಒಂದು ಹಿಡಿ ತೊಳೆಯದ ಒಣದ್ರಾಕ್ಷಿ. ಬ್ರೆಡ್ಡನ್ನು ತುಂಡರಿಸಿ ಓವನ್ನಿನಲ್ಲಿ 170 ಡಿಗ್ರಿಯಲ್ಲಿ ಗಾಢ ಕಂದು ಆಗುವವರೆಗೆ ಒಣಗಿಸಿ. ನಿಮ್ಮ ಕಹಿ ಇಲ್ಲಿ ಹುಟ್ಟಿದ್ದು: ಅಂಚು ಕಪ್ಪಾದ ಒಂದೆರಡು ತುಂಡು ಇಡೀ ಪಾತ್ರೆ ಕೆಡಿಸುತ್ತವೆ, ಆರಿಸಿ ಎಸೆಯಿರಿ. ಕುದಿನೀರು ಸುರಿದು ಮುಚ್ಚಿ. ಬೆರಳಿಟ್ಟರೆ ಉಗುರುಬೆಚ್ಚಗೆನ್ನಿಸಿದಾಗ, ಅಂದರೆ 35 ಡಿಗ್ರಿಯ ಸುಮಾರಿಗೆ, ಸೋಸಿ. ಹಿಂಡಬೇಡಿ, ಹಿಂಡಿದರೆ ಬಗ್ಗಡ. ಸಕ್ಕರೆ ಕದಡಿ ಯೀಸ್ಟ್ ಹಾಕಿ. ತೀರಾ ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ, ಆಮೇಲೆ ಎಷ್ಟು ಕಾದರೂ ಬರೀ ಸಿಹಿನೀರು.

ಬಟ್ಟೆ ಕಟ್ಟಿ 10ರಿಂದ 12 ಗಂಟೆ ಇಡಿ. ನೊರೆ ಬಂದು ವಾಸನೆ ಹುಳಿಗೆ ತಿರುಗಿದ ಮೇಲೆ ಮತ್ತೆ ಸೋಸಿ, ಪ್ಲಾಸ್ಟಿಕ್ ಬಾಟಲಿಗೆ ನಾಲ್ಕು ದ್ರಾಕ್ಷಿಯ ಜೊತೆ ತುಂಬಿ, ಮೇಲೆ ನಾಲ್ಕು ಬೆರಳು ಖಾಲಿ ಬಿಡಿ. ಗಾಜಿನ ಬಾಟಲಿ ಬೇಡವೇ ಬೇಡ, ಒಳಗಿನ ಒತ್ತಡ ಕೈಗೆ ತಿಳಿಯುವುದಿಲ್ಲ. ಪ್ಲಾಸ್ಟಿಕ್ಕಾದರೆ ಒತ್ತಿ ನೋಡಬಹುದು, ಕಲ್ಲಿನಂತೆ ಗಟ್ಟಿಯಾದಾಗ (ನಾಲ್ಕರಿಂದ ಆರು ಗಂಟೆ) ನೇರ ಫ್ರಿಜ್ಜಿಗೆ. ಒಂದು ದಿನ ತಣ್ಣಗಾಗಲಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಇದರಲ್ಲಿ ಅಲ್ಪ ಮದ್ಯಾಂಶ ಇದ್ದೇ ಇರುತ್ತದೆ. ಅಂಗಡಿಯ ಕ್ವಾಸಿಗೆ ರಷ್ಯಾದ ಮಾನದಂಡ ಹಾಕಿದ ಮಿತಿ 1.2 ಶೇಕಡಾ, ಮನೆಯದನ್ನು ಹೆಚ್ಚು ಹೊತ್ತು ಹೊರಗಿಟ್ಟರೆ ಅದನ್ನೂ ದಾಟಬಹುದು. ಮುಟ್ಟದವರಿಗೆ ಮೊದಲೇ ಹೇಳಿ ಕೊಡಿ.

ಪ್ರಶ್ನೆ: ಅಕ್ಟೋಬರ್ ಕ್ರಾಂತಿಯನ್ನು ನವೆಂಬರಿನಲ್ಲಿ, ಕ್ರಿಸ್‌ಮಸ್ಸನ್ನು ಜನವರಿಯಲ್ಲಿ ಆಚರಿಸುವುದೇಕೆ?

ಎರಡಕ್ಕೂ ಒಂದೇ ಕಾರಣ, ಪಂಚಾಂಗ. ರಷ್ಯಾ 1918ರವರೆಗೆ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು, ಅದು 13 ದಿನ ಹಿಂದೆ. 1918ರಲ್ಲಿ ಜನವರಿ 31ರ ಮರುದಿನವನ್ನೇ ಫೆಬ್ರುವರಿ 14 ಎಂದು ಎಣಿಸಿದರು. ಹೀಗಾಗಿ 1917ರ ಅಕ್ಟೋಬರ್ 25 ಹೊಸ ಲೆಕ್ಕದಲ್ಲಿ ನವೆಂಬರ್ 7. ಚರ್ಚು ಹಳೆಯ ಲೆಕ್ಕ ಬಿಡಲಿಲ್ಲ, ಅದರ ಡಿಸೆಂಬರ್ 25 ಬರುವುದು ಜನವರಿ 7ಕ್ಕೆ.

ಮನೆಮನೆಯ ದೊಡ್ಡ ಹಬ್ಬವೆಂದರೆ ಹೊಸವರ್ಷ. ಕ್ರಿಸ್‌ಮಸ್ ಮರಕ್ಕೆ 1920ರ ದಶಕದ ಕೊನೆಗೆ ಬಹಿಷ್ಕಾರ ಬಿದ್ದಿತ್ತು. 1935ರ ಡಿಸೆಂಬರಿನಲ್ಲಿ ಸೋವಿಯತ್ ನಾಯಕ ಪವೇಲ್ ಪೊಸ್ತಿಶೆವ್ ಪ್ರಾವ್ದಾ ಪತ್ರಿಕೆಗೆ ಪತ್ರ ಬರೆದ ಮೇಲೆ ಅದೇ ಮರ ಹೊಸವರ್ಷದ ಮರವಾಗಿ ವಾಪಸು ಬಂತು. ಉಡುಗೊರೆ ತರುವವನು ಹಿಮದಜ್ಜ 'ದ್ಯೆದ್ ಮರೋಜ್', ಜೊತೆಗೆ ಮೊಮ್ಮಗಳು 'ಸ್ನೆಗೂರಚ್ಕಾ'. ಮೇಜಿನ ಮೇಲೆ ಒಲಿವ್ಯೆ ಸಲಾಡು, ಕಿತ್ತಳೆ. ಕ್ರೆಮ್ಲಿನ್ ಗಡಿಯಾರ ಹನ್ನೆರಡು ಹೊಡೆಯುವವರೆಗೆ ಟಿವಿ ಆರುವುದಿಲ್ಲ. ಜನವರಿ 13ರ ರಾತ್ರಿ ಇನ್ನೊಮ್ಮೆ 'ಹಳೆಯ ಹೊಸವರ್ಷ' ಬರುತ್ತದೆ. ಉಳಿದ ಮಿಠಾಯಿ ಮುಗಿಸಲು ಅದೊಂದು ನೆಪ.

ಪ್ರಶ್ನೆ: ಹಳೆಯ ಕಥೆಗಳಲ್ಲಿ ಬರುವ ವೆರ್ಸ್ತ್, ಪೂದ್, ಅರ್ಶೀನ್ ಎಂದರೆ ಎಷ್ಟು? 'ಹನ್ನೆರಡು ವೆರ್ಶೋಕ್ ಎತ್ತರದ ಆಳು' ಎಂದರೆ ಅವನೇನು ಕುಬ್ಜನೇ?

ವೆರ್ಸ್ತ್ 1.067 ಕಿ.ಮೀ., ಪೂದ್ 16.38 ಕಿಲೋ, ಅರ್ಶೀನ್ 71 ಸೆಂ.ಮೀ., ವೆರ್ಶೋಕ್ ಸುಮಾರು 4.4 ಸೆಂ.ಮೀ. ಎತ್ತರ ಹೇಳುವಾಗ 'ಎರಡು ಅರ್ಶೀನ್ ಮೇಲೆ' ಎಂಬುದನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ನಿಮ್ಮ ಆಳು 142 ಸೆಂ.ಮೀ.ಗೆ ಇನ್ನೂ 53 ಸೇರಿಸಿದಷ್ಟು, ಅಂದರೆ 195 ಸೆಂ.ಮೀ. ದೈತ್ಯ.

ಪ್ರಶ್ನೆ: ರಷ್ಯನ್ ಹಬೆಸ್ನಾನದ ಮನೆ 'ಬಾನ್ಯಾ'ಕ್ಕೆ ಮೊದಲ ಸಲ ಹೋಗುವವರು ಏನು ತಿಳಿದಿರಬೇಕು?

ಹೊಟ್ಟೆ ಬಿರಿಯ ಉಂಡು ಹೋಗಬಾರದು, ಕುಡಿದಂತೂ ಹೋಗಲೇಬಾರದು. ಕಿವಿಯೋಲೆ, ಸರ, ಉಂಗುರ ಬಿಚ್ಚಿಡಿ, ಲೋಹ ಕಾದು ಬರೆ ಹಾಕುತ್ತದೆ. ಉಣ್ಣೆಯ ಟೋಪಿ ಹಾಕಿಕೊಳ್ಳಿ; ಶಾಖ ಮೇಲೇರುವುದರಿಂದ ಮೊದಲು ಬಳಲುವುದು ತಲೆ. ಹಬೆಕೋಣೆ 60ರಿಂದ 80 ಡಿಗ್ರಿ, ಗಾಳಿ ತೇವ. ಮೊದಲ ಸುತ್ತು ಐದು ನಿಮಿಷ, ಕೆಳಗಿನ ಮೆಟ್ಟಿಲಲ್ಲಿ ಕೂತು. ಕಾದ ಕಲ್ಲಿಗೆ ಬಿಸಿನೀರನ್ನು ಒಂದೊಂದೇ ಸೌಟು ಎರಚಬೇಕು; ಒಟ್ಟಿಗೆ ಸುರಿದರೆ ಕಲ್ಲು ತಣ್ಣಗಾಗಿ ಹಬೆ ಭಾರವಾಗುತ್ತದೆ, ಉಸಿರು ಕಟ್ಟುತ್ತದೆ. ಎರಚುವವರು ಪಕ್ಕಕ್ಕೆ ನಿಲ್ಲಬೇಕು.

ಬರ್ಚ್ ಸೊಪ್ಪಿನ ಪೊರಕೆ 'ವೇನಿಕ್' ಒಣಗಿದ್ದಾದರೆ ಬೆಚ್ಚನೆ ನೀರಿನಲ್ಲಿ 15ರಿಂದ 20 ನಿಮಿಷ ನೆನೆಸಿ. ನೇರ ಕುದಿನೀರಿಗೆ ಹಾಕಿದರೆ ಎಲೆಯೆಲ್ಲ ಉದುರಿ ಕಡ್ಡಿ ಉಳಿಯುತ್ತದೆ. ಅದರಿಂದ ಚಚ್ಚುವುದು ಎಂದೇ ಹೊರಗಿನವರು ತಿಳಿದಿದ್ದಾರೆ. ಹೆಚ್ಚು ಕೆಲಸ ಬೀಸುವುದು, ಬಿಸಿಗಾಳಿಯನ್ನು ಮೈಮೇಲೆ ಒತ್ತುವುದು. ಹೊರಬಂದು ತಣ್ಣೀರು, ಹದಿನೈದು ನಿಮಿಷ ವಿಶ್ರಾಂತಿ, ಚಹಾ, ಮತ್ತೆ ಒಳಗೆ. ಮೂರು ಸುತ್ತು ಧಾರಾಳ. ತಲೆ ತಿರುಗಿದರೆ ಮರ್ಯಾದೆ ನೋಡದೆ ಹೊರಬನ್ನಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ಮಾಸ್ಕೋದ ಹೆಸರಾಂತ ಸಂದುನಿ ಸ್ನಾನಗೃಹ 1808ರಷ್ಟು ಹಳೆಯದು. ಮುಗಿಸಿ ಬಂದವರಿಗೆ 'ಸ್ ಲ್ಯೋಹ್ಕಿಮ್ ಪಾರಮ್' ಎನ್ನಬೇಕು, 'ಹಗುರ ಹಬೆಯ ಶುಭಾಶಯ' ಎಂದು ಅರ್ಥ.

ಪ್ರಶ್ನೆ: ಪರೀಕ್ಷೆಗೆ ಹೊರಟಾಗ ರಷ್ಯನ್ ಗೆಳತಿ 'ನಿ ಪೂಹಾ ನಿ ಪೆರಾ' ಎಂದಳು. ಥ್ಯಾಂಕ್ಸ್ ಹೇಳಿದೆ. ಅವಳ ಮುಖ ಸಪ್ಪಗಾಯಿತು. ತಪ್ಪೇನು?

'ತುಪ್ಪಳವೂ ಸಿಗದಿರಲಿ, ಗರಿಯೂ ಸಿಗದಿರಲಿ' ಎಂಬುದು ಬೇಟೆಗಾರರಿಂದ ಬಂದ ಮಾತು, ದೃಷ್ಟಿ ತಾಗದಿರಲೆಂದು ತಿರುಗಿಸಿ ಹರಸುವುದು. ಇದಕ್ಕೆ ಧನ್ಯವಾದ ಹೇಳಿದರೆ ಹರಕೆ ಕೆಡುತ್ತದೆ. 'ಕ್ ಚೋರ್ತು', ಅಂದರೆ 'ಹೋಗು ದೆವ್ವದ ಹತ್ತಿರ' ಎನ್ನಬೇಕು. ಮೇಷ್ಟ್ರು ಹರಸಿದರೂ ಉತ್ತರ ಅದೇ. ಸ್ವಲ್ಪ ಮೆಲ್ಲಗೆ ಹೇಳಿ, ಅಷ್ಟೇ.